ಕುದುರೆಗೆ ಮದ್ದು ಹೇಳುವ ಮುನ್ನ ಅದರ ತೂಕ ಕೇಳಿ

ಮಾನ್ಯ ಸಂಪಾದಕರೇ,

ನಾನು ಸಕಲೇಶಪುರ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಹನ್ನೊಂದು ವರ್ಷಗಳಿಂದ ಎರಡು ಕುದುರೆಗಳನ್ನು ಸಾಕುತ್ತಿದ್ದೇನೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೋಂಸ್ಟೇಗಳಲ್ಲಿ, ಪ್ರವಾಸಿಗರು ಸೇರುವ ಕಡೆಗಳಲ್ಲಿ, ಮದುವೆಯ ಮೆರವಣಿಗೆಗಳಲ್ಲಿ ಕಾಣುವ ಕುದುರೆಗಳ ಆರೈಕೆ ಈಗ ಬಹುಪಾಲು ಮೊಬೈಲ್ ಫೋನಿನಲ್ಲಿ ಬರುವ ಸಲಹೆಗಳ ಮೇಲೆಯೇ ನಡೆಯುತ್ತಿದೆ. ಕುದುರೆ ಮೇವು ಬಿಟ್ಟರೆ, ಕುಂಟಿದರೆ, ಮೈಮೇಲೆ ಗಂಟು ಎದ್ದರೆ, ಸಾಕಿದವರು ಮೊದಲು ಮಾಡುವ ಕೆಲಸವೆಂದರೆ ಒಂದು ಫೋಟೊ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ "ಏನು ಮಾಡಲಿ?" ಎಂದು ಕೇಳುವುದು. ಇದನ್ನು ಹಳಿಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನಾನೂ ಹಾಗೆಯೇ ಕೇಳಿದವನು, ಹಾಗೆಯೇ ಹೇಳಿದವನು; ಎರಡರಲ್ಲೂ ತಪ್ಪಿದವನು.

ನಮ್ಮದು ದನದ ಸೀಮೆ. ಅಮೃತಮಹಲ್ ತಳಿಯ ಅಜ್ಜಂಪುರ ಇರುವುದು ನಮ್ಮ ಪಕ್ಕದ ಜಿಲ್ಲೆಯಲ್ಲಿಯೇ. ಹಸುವಿನ ಕೆಚ್ಚಲು ಬಾತರೆ, ಎತ್ತು ಮೆಲುಕು ಹಾಕುವುದನ್ನು ನಿಲ್ಲಿಸಿದರೆ ಏನು ಮಾಡಬೇಕೆಂದು ಹೇಳಬಲ್ಲ ಹಿರಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ಕುದುರೆಯ ವಿಷಯದಲ್ಲಿ ಅಂಥ ಹಿರಿಯರಿಲ್ಲ. ಹಳೇಬೀಡಿನ ಗುಡಿಯ ಗೋಡೆಯಲ್ಲಿ ಸಾಲುಸಾಲಾಗಿ ಸವಾರರನ್ನು ಕೆತ್ತಿದ ಶಿಲ್ಪಿಗಳಿಗೆ ಲಗಾಮು, ಜೀನುಗಳ ಬಗ್ಗೆ ಗೊತ್ತಿದ್ದಷ್ಟೂ ಇಂದು ಅದೇ ಊರಿನ ಸುತ್ತ ಕುದುರೆ ಸಾಕಿರುವ ನಮಗೆ ಗೊತ್ತಿಲ್ಲ ಎಂದರೆ ಅದು ಉತ್ಪ್ರೇಕ್ಷೆಯಲ್ಲ. ಎತ್ತಿಗೆ ಲಾಳ ಕಟ್ಟುವವರು ಸಿಗುತ್ತಾರೆ, ಕುದುರೆಯ ಗೊರಸು ಕತ್ತರಿಸಬಲ್ಲವರನ್ನು ದೂರದಿಂದ ಕರೆಸಬೇಕು. ಪಶುವೈದ್ಯರು ನೂರು ಹಸು ನೋಡಿದ ಮೇಲೆ ಒಂದು ಕುದುರೆ ನೋಡುತ್ತಾರೆ. ಹೀಗಿರುವಾಗ ಪುಣೆಯವರನ್ನೋ, ರಾಜಸ್ಥಾನದವರನ್ನೋ, ಬೆಂಗಳೂರಿನ ರೇಸ್ ಕುದುರೆಗಳನ್ನು ನೋಡಿಕೊಂಡವರನ್ನೋ ಫೋನಿನಲ್ಲಿ ಕೇಳದೆ ಬೇರೆ ದಾರಿಯಾದರೂ ಏನಿದೆ? ಕೇಳುವುದು ತಪ್ಪಲ್ಲ, ಕೇಳುವ ಬಗೆ ಮತ್ತು ಹೇಳುವ ಬಗೆ ಸರಿಯಾಗಬೇಕು ಎಂಬುದಷ್ಟೇ ನನ್ನ ಮಾತು.

2022ರ ಜುಲೈ ತಿಂಗಳಿನಲ್ಲಿ ನಾಲ್ಕು ದಿನ ಮಳೆ ಬಿಡದೆ ಸುರಿಯಿತು. ಹೊರಗೆ ಬಿಡಲಾಗದೆ ಕುದುರೆಗಳನ್ನು ಲಾಯದಲ್ಲಿಯೇ ಕಟ್ಟಿ, ಒಣ ರಾಗಿ ಹುಲ್ಲು ಹಾಕಿ, ಪಾಪ ಎಂದುಕೊಂಡು ಬೇಯಿಸಿದ ಹುರುಳಿಯನ್ನು ಸ್ವಲ್ಪ ಹೆಚ್ಚಾಗಿಯೇ ಇಟ್ಟಿದ್ದೆ. ಚಳಿಗೆ ಅವು ನೀರು ಕಡಿಮೆ ಕುಡಿದದ್ದನ್ನು ನಾನು ಗಮನಿಸಲಿಲ್ಲ. ಐದನೆಯ ದಿನ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಹೆಣ್ಣುಕುದುರೆ ಮುಂಗಾಲಿನಿಂದ ನೆಲ ಕೆರೆಯುತ್ತ, ತಿರುತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತ, ಮಲಗಿ ಎದ್ದು ಮಾಡತೊಡಗಿತು. ಹೊಟ್ಟೆಶೂಲೆಯ ಲಕ್ಷಣ ಅದೆಂದು ಈಗ ಗೊತ್ತು, ಅಂದು ಗೊತ್ತಿರಲಿಲ್ಲ. ಕರೆಂಟು ಇರಲಿಲ್ಲ. ಟಾರ್ಚ್ ಬೆಳಕಿನಲ್ಲಿ ಅರ್ಧ ನಿಮಿಷದ ವಿಡಿಯೊ ತೆಗೆದು ಗುಂಪಿಗೆ ಹಾಕಿದೆ. ಒಂದು ಗಂಟೆಯೊಳಗೆ 31 ಉತ್ತರಗಳು ಬಂದವು. ನಡೆಸಿ ಎಂದರು, ನಡೆಸಬೇಡಿ ಎಂದರು. ಇಂಗು ಮತ್ತು ಅಡುಗೆ ಸೋಡಾ ಕೊಡಿ ಎಂದರು. ನೋವಿನ ಇಂಜೆಕ್ಷನ್ ಚುಚ್ಚಿ ಎಂದು ಹೆಸರು, ಪ್ರಮಾಣ ಎರಡನ್ನೂ ಬರೆದರು. ಅರ್ಧ ಲೀಟರ್ ಕಡಲೆಕಾಯಿ ಎಣ್ಣೆ ಕುಡಿಸಿ ಎಂದು ಒಬ್ಬರು ಹೇಳಿದ್ದು ನನಗೆ ಸುಲಭವೆನಿಸಿತು, ಏಕೆಂದರೆ ಎಣ್ಣೆ ಮನೆಯಲ್ಲಿತ್ತು, ದನಗಳಿಗೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ ಕೊಟ್ಟಿಗೆಯಲ್ಲಿತ್ತು.

ತಲೆ ಎತ್ತಿ ಹಿಡಿದು ಗೊಟ್ಟದಲ್ಲಿ ಎಣ್ಣೆ ಹೊಯ್ದೆವು. ಕುದುರೆ ಕೆಮ್ಮಿತು, ಮೂಗಿನಿಂದ ಎಣ್ಣೆ ಇಳಿಯಿತು. ಬೆಳಗಿನ ಜಾವ ವೈದ್ಯರು ಬಂದು ಮೂಗಿನ ಮೂಲಕ ಹೊಟ್ಟೆಗೆ ಕೊಳವೆ ಇಳಿಸಿ, ಮಾಡಬೇಕಾದದ್ದನ್ನು ಮಾಡಿದ ಮೇಲೆ ಹೊಟ್ಟೆ ಸಡಿಲಿತು. ಆದರೆ ಮೂರನೆಯ ದಿನ ಜ್ವರ ಏರಿತು. ಶ್ವಾಸಕೋಶಕ್ಕೆ ಹೋಗಿದ್ದ ಎಣ್ಣೆಯಿಂದ ನ್ಯುಮೋನಿಯಾ ಆಗಿತ್ತು. ಆರು ವಾರ ಚಿಕಿತ್ಸೆ ನಡೆಯಿತು. ಕುದುರೆ ಉಳಿಯಿತು, ಆದರೆ ಇಂದಿಗೂ ನಮ್ಮ ತೋಟದ ಏರನ್ನು ಒಂದೇ ಉಸಿರಿನಲ್ಲಿ ಹತ್ತುವುದಿಲ್ಲ.

ಎಣ್ಣೆ ಕುಡಿಸಲು ಹೇಳಿದವರನ್ನು ನಾನು ದೂರುವುದಿಲ್ಲ. ಅವರು ನಲವತ್ತು ವರ್ಷ ದನ ಸಾಕಿದವರು, ದನಕ್ಕೆ ಮಾಡುವುದನ್ನೇ ಹೇಳಿದರು. ಹಾಗೆ ಕುಡಿಸಿದ ಎಣ್ಣೆ ದನಕ್ಕೂ ಉಸಿರಿನ ಕೊಳವೆಗೆ ಹೋಗಬಹುದು, ಆದರೂ ನಮ್ಮ ಕಡೆ ಅದು ರೂಢಿಯಾಗಿಬಿಟ್ಟಿದೆ. ಕುದುರೆಯ ದೇಹವಂತೂ ದನದ ದೇಹವಲ್ಲವೇ ಅಲ್ಲ. ಅದಕ್ಕೆ ನಾಲ್ಕು ಭಾಗದ ಹೊಟ್ಟೆಯಿಲ್ಲ, ಮೆಲುಕು ಹಾಕುವುದಿಲ್ಲ. ಅಷ್ಟು ದೊಡ್ಡ ಪ್ರಾಣಿಗೆ ಇರುವ ಜಠರ ಸುಮಾರು 8ರಿಂದ 15 ಲೀಟರಿನಷ್ಟು ಮಾತ್ರ. ಜಠರದ ಬಾಯಿಯಲ್ಲಿರುವ ಸ್ನಾಯು ಎಷ್ಟು ಬಿಗಿಯೆಂದರೆ ಕುದುರೆಗೆ ವಾಂತಿ ಮಾಡಲು ಸಾಧ್ಯವೇ ಇಲ್ಲ. ಒಳಗೆ ಹೋದದ್ದು ಮುಂದಕ್ಕೆ ಸಾಗಬೇಕು, ಇಲ್ಲವೇ ಜಠರ ಹಿಗ್ಗಿ ಒಡೆಯಬೇಕು. ಆದ್ದರಿಂದಲೇ ಹೊಟ್ಟೆಶೂಲೆಯಲ್ಲಿ ಬಾಯಿಗೆ ಏನು ಹಾಕುತ್ತೇವೆ ಎಂಬುದು ಪ್ರಾಣದ ಪ್ರಶ್ನೆ. ಆ 31 ಉತ್ತರಗಳಲ್ಲಿ ಇದನ್ನು ಅರಿತು ಬರೆದವರು ಒಬ್ಬರೇ. ಅವರು ಮದ್ದು ಹೇಳಿರಲಿಲ್ಲ. "ನಾಡಿ ಎಷ್ಟಿದೆ? ಲದ್ದಿ ಕೊನೆಗೆ ಹಾಕಿದ್ದು ಯಾವಾಗ? ಒಸಡಿನ ಬಣ್ಣ ಹೇಗಿದೆ? ವೈದ್ಯರಿಗೆ ಫೋನ್ ಮಾಡಿದಿರಾ?" ಎಂದು ಕೇಳಿದ್ದರು. ಮೊದಲ ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಮನೆಯಲ್ಲಿ ಥರ್ಮಾಮೀಟರ್ ಕೂಡ ಇರಲಿಲ್ಲ. ನಾಚಿಕೆಯಾಗಿ ನಾನು ಅವರಿಗೆ ಉತ್ತರಿಸಲೇ ಇಲ್ಲ.

ಆ ಪ್ರಶ್ನೆಗಳಿಗೆ ಉತ್ತರ ಹೇಳಲು ಕಲಿಯುವುದು ಕಷ್ಟದ ಕೆಲಸವೇನಲ್ಲ. ಬೆಳೆದ ಕುದುರೆ ಸುಮ್ಮನೆ ನಿಂತಿರುವಾಗ ಅದರ ಮೈ ಬಿಸಿ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್, ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16 ಇರುತ್ತದೆ. ದವಡೆಯ ಕೆಳಗಿನ ಅಂಚಿನಲ್ಲಿ ಬೆರಳಿಗೆ ಸಿಗುವ ರಕ್ತನಾಳವನ್ನು ಹಿಡಿದು ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಾಡಿ ಸಿಕ್ಕಿತು. ಹೊಟ್ಟೆನೋವಿನ ಕುದುರೆಯ ನಾಡಿ 60 ದಾಟಿ ಇಳಿಯದೆ ನಿಂತರೆ ಅದು ಮನೆಮದ್ದಿನ ಕಾಯಿಲೆಯಲ್ಲ. ಒಸಡನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಮತ್ತೆ ನಸುಗೆಂಪು ಬರಬೇಕು. ಕಡುಗೆಂಪೋ ನೀಲಿಯೋ ಆಗಿದ್ದರೆ ಹೊತ್ತು ಕಳೆಯಬಾರದು. ಪಕ್ಕೆಯ ಹಿಂದೆ ಕಿವಿಯಿಟ್ಟರೆ ಕರುಳಿನ ಗುಡುಗುಡು ಕೇಳಬೇಕು, ಎರಡೂ ಬದಿಯಲ್ಲಿ ನಿಶ್ಶಬ್ದವಿದ್ದರೆ ಅದನ್ನೂ ಬರೆಯಬೇಕು. ಇವೆಲ್ಲವನ್ನೂ ಕುದುರೆ ಆರೋಗ್ಯವಾಗಿರುವಾಗಲೇ ನಾಲ್ಕಾರು ಸಲ ಎಣಿಸಿ ರೂಢಿ ಮಾಡಿಕೊಳ್ಳದೆ ಹೋದರೆ, ನಡುರಾತ್ರಿ ಮಳೆಯಲ್ಲಿ ಬೆರಳಿಗೆ ಏನೂ ಸಿಗುವುದಿಲ್ಲ.

ಇನ್ನು ತೂಕ. ಫೋನಿನಲ್ಲಿ ಬರುವ ಔಷಧಿಯ ಪ್ರಮಾಣವೆಲ್ಲ ಹೆಚ್ಚಾಗಿ 450, 500 ಕಿಲೋ ತೂಗುವ ರೇಸ್ ಕುದುರೆಗಳನ್ನೋ ಹೊರದೇಶದ ಕುದುರೆಗಳನ್ನೋ ನೋಡಿದವರು ಹೇಳಿದ್ದು. ನಮ್ಮ ಬೆಟ್ಟದ ದಾರಿಗಳಲ್ಲಿರುವುದು ತಟ್ಟುಗಳು, ಅಂದರೆ ಗಿಡ್ಡ ಕುದುರೆಗಳು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನೂ, ಭುಜದ ತುದಿಯಿಂದ ಪಿರ್ರೆಯ ತುದಿಯವರೆಗಿನ ಉದ್ದವನ್ನೂ ಸೆಂಟಿಮೀಟರಿನಲ್ಲಿ ಅಳೆದು, ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಅದನ್ನು ಉದ್ದದಿಂದ ಗುಣಿಸಿ, ಬಂದದ್ದನ್ನು 11,880ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಕಿಲೋದಲ್ಲಿ ಬರುತ್ತದೆ. ನಮ್ಮ ಹೆಣ್ಣುಕುದುರೆಯ ಸುತ್ತಳತೆ 150, ಉದ್ದ 140. ತೂಕ ಸುಮಾರು 265 ಕಿಲೋ. ಅಂದು ಗುಂಪಿನಲ್ಲಿ ಬರೆದ ಇಂಜೆಕ್ಷನ್ನಿನ ಪ್ರಮಾಣ 500 ಕಿಲೋ ಕುದುರೆಯದಾಗಿತ್ತು ಎಂದು ವೈದ್ಯರು ಆಮೇಲೆ ತಿಳಿಸಿದರು. ಅದನ್ನು ಚುಚ್ಚಿದ್ದರೆ ಸುಮಾರು ಎರಡರಷ್ಟು ಮದ್ದು ಒಳಗೆ ಹೋಗುತ್ತಿತ್ತು. ನೀರು ಬತ್ತಿದ ಕುದುರೆಯ ಮೂತ್ರಪಿಂಡಕ್ಕೂ ಜಠರಕ್ಕೂ ನೋವಿನ ಔಷಧಿ ಹೆಚ್ಚಾದರೆ ಆಗುವ ಹಾನಿ ಒಂದು ಕಡೆ. ನೋವು ತಾತ್ಕಾಲಿಕವಾಗಿ ಅಡಗಿ, "ವಾಸಿಯಾಯಿತು" ಎಂದುಕೊಂಡು ವೈದ್ಯರನ್ನು ಕರೆಯುವುದನ್ನೇ ಬಿಡುವುದು ಇನ್ನೊಂದು ಕಡೆ. ಕರುಳು ತಿರುಚಿಕೊಂಡಿದ್ದರೆ ಆ ಕೆಲವು ಗಂಟೆಗಳೇ ಕುದುರೆಯ ಆಯುಸ್ಸು. ಮನುಷ್ಯರಿಗೆ ಕೊಡುವ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯನ್ನು ಚುಚ್ಚಿ ಎನ್ನುವ ಸಂದೇಶಗಳೂ ಓಡಾಡುತ್ತಿವೆ. ಅದನ್ನು ಕೊಟ್ಟ ದನಗಳ ಹೆಣ ತಿಂದ ರಣಹದ್ದುಗಳ ಸಾವಿಗೆ ಕಾರಣವಾದದ್ದೆಂದು ಪ್ರಾಣಿಗಳಿಗೆ ಅದನ್ನು ಬಳಸುವುದನ್ನು ನಮ್ಮ ದೇಶದಲ್ಲಿ 2006ರಲ್ಲೇ ನಿಷೇಧಿಸಲಾಗಿದೆ.

ಈಗ ನನ್ನ ಇನ್ನೊಂದು ತಪ್ಪನ್ನು ಹೇಳಬೇಕು. ನಮ್ಮ ಕುದುರೆಗೆ ಹೀಗಾಗುವುದಕ್ಕೂ ಒಂದು ವರ್ಷ ಮೊದಲು, ಮೂಡಿಗೆರೆ ಕಡೆಯವರೊಬ್ಬರು ಕುದುರೆಯ ಮೈಯಲ್ಲಿ ಉಣುಗು ತುಂಬಿದೆ ಎಂದು ಗುಂಪಿನಲ್ಲಿ ಕೇಳಿದ್ದರು. ದನಗಳಿಗೆ ನೀರಿನಲ್ಲಿ ಬೆರೆಸಿ ಹಚ್ಚುವ ಅಮಿಟ್ರಾಜ್ ಔಷಧಿಯ ಹೆಸರನ್ನು ನಾನೇ ಬರೆದೆ, ನಮ್ಮ ಹಸುಗಳಿಗೆ ಚೆನ್ನಾಗಿ ಕೆಲಸ ಮಾಡಿತ್ತು ಎಂಬ ಧೈರ್ಯದಿಂದ. ಅಮಿಟ್ರಾಜ್ ಕುದುರೆಯ ಕರುಳಿನ ಚಲನೆಯನ್ನೇ ನಿಲ್ಲಿಸಿ ಮಾರಕವಾದ ಹೊಟ್ಟೆಶೂಲೆ ತರಬಲ್ಲದು ಎಂಬುದು ನನಗೆ ತಿಳಿದದ್ದು ನಮ್ಮ ವೈದ್ಯರು ಲಾಯದ ಮೂಲೆಯಲ್ಲಿದ್ದ ಬಾಟಲಿಯನ್ನು ನೋಡಿ ಗದರಿದಾಗ. ಆ ಹಳೆಯ ಸಂದೇಶವನ್ನು ಹುಡುಕಿ ಅಳಿಸಲು ಹೋದೆ, ಆದರೆ ಅಳಿಸುವ ಅವಧಿ ಮುಗಿದಿತ್ತು. ಅಷ್ಟರಲ್ಲಿ ಅದು "ಅನುಭವಿಗಳ ಸಲಹೆ" ಎಂಬ ತಲೆಬರಹ ಹೊತ್ತು ಬೇರೆ ಎರಡು ಗುಂಪುಗಳಿಗೆ ಹೋಗಿತ್ತು. ಕೇಳಿದವರಿಗೆ ಫೋನ್ ಮಾಡಿದೆ. ಪುಣ್ಯಕ್ಕೆ ಅವರು ಅದನ್ನು ತಂದಿರಲಿಲ್ಲ. ಬೇರೆ ಗುಂಪುಗಳಲ್ಲಿ ಯಾರು ಓದಿದರೋ, ಯಾರು ತಂದರೋ ನನಗೆ ಗೊತ್ತಾಗುವ ಬಗೆಯಿಲ್ಲ.

ದನಕ್ಕೆ ಹಿತವಾದದ್ದು ಕುದುರೆಗೆ ವಿಷವಾಗುವ ಇನ್ನೊಂದು ದಾರಿ ಮೇವಿನ ಮೂಟೆ. ಕೋಳಿ ಆಹಾರದಲ್ಲಿಯೂ ಕೆಲವು ದನದ ಆಹಾರಗಳಲ್ಲಿಯೂ ಸೇರಿಸುವ ಮೊನೆನ್ಸಿನ್ ಎಂಬ ಪದಾರ್ಥ ತೀರ ಸ್ವಲ್ಪ ಹೋದರೂ ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡುತ್ತದೆ, ಅದಕ್ಕೆ ಪ್ರತಿಮದ್ದು ಇಲ್ಲ. "ಕುದುರೆ ಬಡಕಲಾಗಿದೆ, ಡೇರಿಯ ಫೀಡ್ ಹಾಕಿ, ಮೈ ತುಂಬುತ್ತದೆ" ಎಂದು ಬರೆಯುವವರು ಮೂಟೆಯ ಮೇಲಿನ ಅಕ್ಷರಗಳನ್ನು ಮೊದಲು ಓದಲಿ. ಹೋಂಸ್ಟೇಯವರು ಅಂದಕ್ಕೆಂದು ಬೇಲಿಗೆ ನೆಡುವ ಕಣಗಿಲೆ, ಹಿತ್ತಲಿನ ಹರಳು ಗಿಡದ ಬೀಜ, ತೋಟದ ಅಂಚಿನ ಲಂಟಾನ, ಇವೂ ಕುದುರೆಗೆ ವಿಷವೇ. ಹೊರದೇಶದ ವಿಡಿಯೊಗಳಲ್ಲಿ ಹೇಳುವ ವಿಷದ ಗಿಡಗಳನ್ನು ಹುಡುಕುವುದಕ್ಕಿಂತ ನಮ್ಮ ಬೇಲಿಯನ್ನು ನೋಡುವುದು ಹೆಚ್ಚು ಉಪಯುಕ್ತ.

ಒಳ್ಳೆಯ ಸಲಹೆಯೂ ಫೋನಿನಲ್ಲಿ ಬರುತ್ತದೆ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಕುದುರೆ ಸಾಕುವವರ ದೊಡ್ಡ ಶತ್ರು ಕೊಳೆಯುವ ಗೊರಸು. ಗೊರಸಿನ ತಳದಲ್ಲಿ ಕಪ್ಪು ಕೀವಿನಂಥದ್ದು ಸೇರಿ ಕೆಟ್ಟ ವಾಸನೆ ಹೊಡೆಯುವ ಈ ರೋಗಕ್ಕೆ ಇಂಗ್ಲಿಷಿನಲ್ಲಿ ಥ್ರಷ್ ಎನ್ನುತ್ತಾರೆ. (ಮನುಷ್ಯರ ಬಾಯಿಯಲ್ಲಿ ಬರುವ ಒಂದು ರೋಗಕ್ಕೂ ಇಂಗ್ಲಿಷಿನಲ್ಲಿ ಇದೇ ಹೆಸರು. ಹಾಗಾಗಿ ಗೊರಸಿನ ರೋಗದ ಬಗ್ಗೆ ಇಂಗ್ಲಿಷಿನಲ್ಲಿದ್ದ ಒಂದು ಬರಹವನ್ನು ಫೋನಿನಲ್ಲಿಯೇ ಕನ್ನಡಕ್ಕೆ ತಿರುಗಿಸಿ ಓದಿದಾಗ ಅದು ನನಗೆ ಬಾಯಿಹುಣ್ಣಿನ ಚಿಕಿತ್ಸೆಯಾಗಿ ಕಂಡಿತು. ಯಂತ್ರದ ಅನುವಾದವನ್ನು ನಂಬಿ ಕುದುರೆಯ ಬಾಯಿಗೆ ಮದ್ದು ಹಚ್ಚಿದವರು ಇದ್ದರೆ ನನಗೆ ಆಶ್ಚರ್ಯವಾಗದು.) ನಮ್ಮ ಗುಂಪಿನ ಒಬ್ಬರು ಮೂರು ಮಳೆಗಾಲ ಇದರ ಬಗ್ಗೆ ಬರೆದರು. ಲಾಯದ ನೆಲ ಎತ್ತರಿಸಿ ದಪ್ಪ ಮರಳು ಹಾಕಿದ್ದು, ಮೊದಲ ವರ್ಷ ನೀರು ಹರಿದುಹೋಗಲು ಚರಂಡಿ ಇಲ್ಲದೆ ಮರಳೇ ಕೆಸರಾಗಿ ರೋಗ ಹೆಚ್ಚಾದದ್ದು, ಎರಡನೆಯ ವರ್ಷ ಚರಂಡಿ ತೆಗೆದದ್ದು, ಪ್ರತಿ ಸಂಜೆ ಗೊರಸಿನ ಸಂದುಗಳನ್ನು ಕೆದಕಿ ಒರೆಸಿ ಒಣಗಿಸಿದ್ದು, ಆರೇಳು ವಾರಕ್ಕೊಮ್ಮೆ ಗೊರಸು ಕತ್ತರಿಸಿದ್ದು, ಎಲ್ಲಕ್ಕೂ ತಾರೀಖು ಹಾಕಿದ ಫೋಟೊ. ಗೊರಸನ್ನು ತೊಳೆದು, ಬದಿಯಿಂದ ಒಂದು, ತಳದಿಂದ ಒಂದು, ಬೆಳಕಿನಲ್ಲಿ ತೆಗೆದ ಫೋಟೊಗಳು. ನೀವು ಹೀಗೆ ಮಾಡಿ ಎಂದು ಅವರು ಒಮ್ಮೆಯೂ ಬರೆಯಲಿಲ್ಲ. ನನ್ನ ಲಾಯ ಇಂಥ ಕಡೆ ಇದೆ, ಇಷ್ಟು ಮಳೆ, ನಾನು ಹೀಗೆ ಮಾಡಿದೆ, ಇದು ಕೆಟ್ಟಿತು, ಇದು ನಿಂತಿತು ಎಂದಷ್ಟೇ ಬರೆದರು. ನಮ್ಮ ಲಾಯದ ನೆಲ ಇಂದು ಒಣಗಿರುವುದು ಆ ಬರಹದಿಂದ. ಸಲಹೆ ಹಂಚಿಕೊಳ್ಳುವುದೆಂದರೆ ಹೀಗೆ ಎಂದು ನಾನು ತೋರಿಸಬಹುದಾದ ಮಾದರಿ ಅದೊಂದೇ.

ಆದರೆ ಕೆಲವು ಕಾಯಿಲೆಗಳನ್ನು ಗುಂಪಿನಲ್ಲಿ ಚರ್ಚಿಸುತ್ತ ಕೂರುವುದು ಸರಿಯೇ ಅಲ್ಲ. ಮೂಗಿನಿಂದ ಅಂಟಾದ ಕೀವು ಸುರಿದು, ಮೂಗಿನೊಳಗೆ ಹುಣ್ಣು, ಮೈಮೇಲೆ ಸಾಲುಗಂಟು ಕಂಡರೆ ಗ್ಲ್ಯಾಂಡರ್ಸ್ ಇರಬಹುದೆಂದು ಅನುಮಾನಿಸಬೇಕು. ಅದು ಮನುಷ್ಯರಿಗೂ ಹರಡುವ ರೋಗ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆಗೆಂದು 2009ರಲ್ಲಿ ಬಂದ ಕಾಯ್ದೆಯ ಪ್ರಕಾರ ಅನುಮಾನ ಬಂದ ಕೂಡಲೇ ಪಶುಪಾಲನಾ ಇಲಾಖೆಗೆ ತಿಳಿಸಬೇಕು, ಕುದುರೆಯನ್ನು ಬೇರೆಡೆಗೆ ಸಾಗಿಸಬಾರದು. ಮಳೆಗಾಲದ ರಕ್ತ ಹೀರುವ ದೊಡ್ಡ ನೊಣಗಳಿಂದ ಹರಡುವ ಸರ್ರಾ ರೋಗದಲ್ಲಿ ಜ್ವರ ಬಂದುಬಂದು ಹೋಗುತ್ತದೆ, ಹೊಟ್ಟೆಯ ಕೆಳಗೂ ಕಾಲಿಗೂ ಬಾವು ಇಳಿಯುತ್ತದೆ, ಕುದುರೆ ಸೊರಗುತ್ತದೆ. ರಕ್ತ ಪರೀಕ್ಷೆ ಮಾಡದೆ ಅದನ್ನು ಫೋಟೊದಲ್ಲಿ ಗುರುತಿಸಲು ಯಾರಿಂದಲೂ ಆಗದು. ಗಾಯವಾದರೆ ಅರಿಶಿನ ಸಾಕು ಎನ್ನುವವರಿಗೂ ಒಂದು ಮಾತು: ಸಾಕುಪ್ರಾಣಿಗಳಲ್ಲಿ ಧನುರ್ವಾಯುವಿಗೆ ಅತಿ ಸುಲಭವಾಗಿ ತುತ್ತಾಗುವುದು ಕುದುರೆ, ಅದಕ್ಕೆ ಲಸಿಕೆ ಇದೆ.

1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯ ಪ್ರಕಾರ ನೋಂದಾಯಿತ ಪಶುವೈದ್ಯರಲ್ಲದವರು ಚಿಕಿತ್ಸೆ ನಡೆಸುವಂತಿಲ್ಲ. ಗುಂಪು ನಡೆಸುವವರು ಇದನ್ನು ಮನಸ್ಸಿನಲ್ಲಿಟ್ಟು, ಔಷಧಿಯ ಹೆಸರು ಮತ್ತು ಪ್ರಮಾಣ ಬರೆಯುವ ಹಕ್ಕು ವೈದ್ಯರಿಗೆ ಮಾತ್ರ ಎಂಬ ನಿಯಮವನ್ನು ಗುಂಪಿನ ಮೇಲ್ಭಾಗದಲ್ಲಿಯೇ ಹಾಕಬೇಕು. ಕೇಳುವವರು ಕುದುರೆಯ ವಯಸ್ಸು, ಅಳತೆಯಿಂದ ತೆಗೆದ ತೂಕ, ಮೈ ಬಿಸಿ, ನಾಡಿ, ಕೊನೆಯ ಲದ್ದಿಯ ಹೊತ್ತು, ಹಿಂದಿನ ಎರಡು ದಿನ ತಿಂದದ್ದು, ಈಗಾಗಲೇ ಕೊಟ್ಟಿರುವ ಮದ್ದು, ಇಷ್ಟನ್ನಾದರೂ ಬರೆಯದೆ ಪ್ರಶ್ನೆ ಹಾಕಬಾರದು. ಕುಂಟುವ ಕುದುರೆಯಾದರೆ ಗಟ್ಟಿ ನೆಲದ ಮೇಲೆ ಎದುರಿಗೆ ಬರುವಂತೆಯೂ ಹಿಂದಿರುಗಿ ಹೋಗುವಂತೆಯೂ ನಡೆಸಿದ ವಿಡಿಯೊ ಬೇಕು. ನಿಂತ ಕುದುರೆಯ ಮುಖದ ಫೋಟೊ ನೋಡಿ ಕಾಲಿನ ನೋವು ಹೇಳಲಾಗದು. ರಾತ್ರಿ ಹನ್ನೊಂದಕ್ಕೂ ಸಂಭಾವನೆಯಿಲ್ಲದೆ ಉತ್ತರಿಸುವ ವೈದ್ಯರು ನಮ್ಮ ಜಿಲ್ಲೆಗಳಲ್ಲಿ ಇದ್ದಾರೆ. ಮಸುಕಾದ ಒಂದು ಚಿತ್ರ ಕಳಿಸಿ "ಏನು ಡಾಕ್ಟ್ರೇ?" ಎಂದು ಅವರನ್ನು ಪರೀಕ್ಷಿಸುವುದು ತರವಲ್ಲ. ತುರ್ತಿನಲ್ಲಿ ಗುಂಪಿಗಿಂತ ಮೊದಲು ಹತ್ತಿರದ ಪಶು ಆಸ್ಪತ್ರೆಗೋ 1962 ಸಂಖ್ಯೆಯ ಪಶು ಸಹಾಯವಾಣಿಗೋ ಕರೆ ಹೋಗಬೇಕು, ಮತ್ತು ಕಾಯಿಲೆ ಬಿದ್ದಿರುವುದು ಕುದುರೆ ಎಂದು ಮೊದಲ ಮಾತಿನಲ್ಲಿಯೇ ತಿಳಿಸಬೇಕು. ದನಕ್ಕೆಂದು ಹೊರಟ ಗಾಡಿಯಲ್ಲಿ ಕುದುರೆಯ ಮೂಗಿಗೆ ಇಳಿಸುವ ಕೊಳವೆ ಇಲ್ಲದೆ ಹೋಗಬಹುದು.

ನಮ್ಮ ಹಾಸನದಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ವಾರಕ್ಕೊಂದು ನಿಗದಿತ ಗಂಟೆಯಲ್ಲಿ ಕುದುರೆ ಸಾಕುವವರ ಪ್ರಶ್ನೆಗಳಿಗೆ ಕನ್ನಡದಲ್ಲಿ ಉತ್ತರಿಸುವ ಒಂದು ವ್ಯವಸ್ಥೆಯನ್ನು ಆ ಕಾಲೇಜು ಮತ್ತು ಪಶುಪಾಲನಾ ಇಲಾಖೆ ಸೇರಿ ಮಾಡಿದರೆ, ನಮ್ಮ ಗುಂಪುಗಳಲ್ಲಿನ ಅರ್ಧ ಗದ್ದಲ ತಾನಾಗಿ ನಿಲ್ಲುತ್ತದೆ. ಎರಡನೆಯದಾಗಿ, ಕುದುರೆಯ ಸಹಜ ನಾಡಿ, ಉಸಿರು, ಮೈ ಬಿಸಿ, ತೂಕದ ಲೆಕ್ಕ, ಕೊಡಬಾರದ ದನದ ಔಷಧಿಗಳು, ಇವಿಷ್ಟನ್ನು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದ ಕನ್ನಡದಲ್ಲಿ ಅಚ್ಚು ಹಾಕಿಸಿ ಪಶು ಆಸ್ಪತ್ರೆಗಳಲ್ಲಿ ಇಡಬೇಕು. ತಮ್ಮ ಪತ್ರಿಕೆಯ ಕೃಷಿ ಪುಟದಲ್ಲಿ ಮುಂಗಾರಿಗೆ ಮೊದಲು ಅದು ಪ್ರಕಟವಾದರೆ ಕತ್ತರಿಸಿ ಲಾಯದ ಗೋಡೆಗೆ ಅಂಟಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅಂಥ ಹಾಳೆಯ ಒಂದು ಕರಡನ್ನು ನಾನು ಬರೆದಿಟ್ಟಿದ್ದೇನೆ. ಕಾಲೇಜಿನ ಪಶುವೈದ್ಯರು ಅದನ್ನು ತಿದ್ದಿಕೊಟ್ಟರೆ ಮೊದಲ ಐನೂರು ಪ್ರತಿಗಳ ಅಚ್ಚಿನ ಖರ್ಚನ್ನು ನಾನೂ ನಮ್ಮ ಗುಂಪಿನ ಇನ್ನಿಬ್ಬರೂ ಭರಿಸಲು ಸಿದ್ಧರಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಕುದುರೆ ಸಾಕುವ ಒಬ್ಬ ಓದುಗ
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ